ರಕ್ತದಾನ: ಕೊಡುವವನಿಗೆ ಸಿಗುವುದೇನು?

(ಕಾರ್ಮಿಕ ಸಂಘದವರು ಏರ್ಪಡಿಸಿದ್ದ ರಕ್ತದಾನ ಶಿಬಿರದ ಮುನ್ನಾದಿನ ಸಂಜೆ ಮಾಡಿದ ಭಾಷಣ)



ನಾಳೆ ಬೆಳಿಗ್ಗೆ ಇದೇ ಕೋಣೆಯಲ್ಲಿ ಮಂಚಗಳನ್ನು ಹಾಕುತ್ತಾರೆ. ಆಸ್ಪತ್ರೆಯಿಂದ ವೈದ್ಯರೂ ದಾದಿಯರೂ ಬರುತ್ತಾರೆ. ಅದಕ್ಕೆ ಮುಂಚೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನಮ್ಮನ್ನು ಕೇಳಿಕೊಂಡಿದ್ದಾರೆ. ದಾನ ಮಾಡಿದರೆ ಪುಣ್ಯ ಬರುತ್ತದೆ ಎಂದು ಹೇಳಿ ಕುಳಿತುಬಿಟ್ಟರೆ ನಮ್ಮ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಈ ವಾರವೆಲ್ಲ ಗಿರಣಿಯ ಬಾಗಿಲಿನಲ್ಲಿಯೂ ಪೇಟೆಯ ಬೀದಿಯಲ್ಲಿಯೂ ಹೆಸರು ಬರೆದುಕೊಳ್ಳುತ್ತ ತಿರುಗಾಡುವಾಗ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾದವು. ಅವುಗಳಿಗೆ ಉತ್ತರ ಹೇಳದೆ ನಿಮ್ಮ ತೋಳನ್ನು ಮುಂದೆ ಚಾಚಿರಿ ಎಂದು ಕೇಳುವುದು ನ್ಯಾಯವಲ್ಲ.

ಪೇಟೆಯ ಒಬ್ಬ ವ್ಯಾಪಾರಿ ಮಿತ್ರರು ಕೇಳಿದರು: "ಕೊಡೋಣ ಸ್ವಾಮಿ, ಕೊಟ್ಟರೆ ನಮಗೆ ಸಿಗುವುದೇನು?" ಗಿರಣಿಯ ಒಬ್ಬ ಸೋದರರು ಇನ್ನೂ ಗಟ್ಟಿಯಾಗಿ ಕೇಳಿದರು: "ಇಪ್ಪತ್ತು ವರ್ಷ ಬೆವರು ಕೊಟ್ಟದ್ದಾಯಿತು. ಈಗ ರಕ್ತವನ್ನೂ ನಾವೇ ಕೊಡಬೇಕೋ?" ಎರಡೂ ಒಳ್ಳೆಯ ಪ್ರಶ್ನೆಗಳು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇವೆ.

ನಮ್ಮ ದೇಶದಲ್ಲಿ ಬಡವನ ರಕ್ತವನ್ನು ಬಹುಕಾಲ ಕೊಂಡುಕೊಳ್ಳಲಾಗುತ್ತಿತ್ತು. ಇದು ಅಲಂಕಾರದ ಮಾತಲ್ಲ. ಕೆಲಸ ಸಿಗದ ಕೂಲಿಯವನು, ರಿಕ್ಷಾ ಎಳೆಯುವವನು, ಬೀಡಿಗೂ ಕಾಸಿಲ್ಲದವನು ರಕ್ತ ಕೊಂಡುಕೊಳ್ಳುವ ಅಂಗಡಿಯ ಮುಂದೆ ನಿಂತು ತನ್ನ ಮೈಯ ರಕ್ತವನ್ನು ಬಾಟಲಿಯ ಲೆಕ್ಕದಲ್ಲಿ ಮಾರುತ್ತಿದ್ದನು. ಹೊಟ್ಟೆಗಾಗಿ ಮಾರುವವನು ಮೂರು ತಿಂಗಳು ಕಾಯುವನೇ? ಮೈ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಅಂಗಡಿಗೆ ಹೋಗುತ್ತಿದ್ದನು. ನಿನಗೆ ಕಾಮಾಲೆಯಾಗಿತ್ತೇ ಎಂದು ಕೇಳಿದರೆ ಇಲ್ಲವೆನ್ನುತ್ತಿದ್ದನು. ಹೌದೆಂದರೆ ಆ ದಿನದ ಊಟ ತಪ್ಪುತ್ತಿತ್ತು. ಹೀಗೆ ಮಾರುವವನೂ ಸೊರಗಿದನು, ಪಡೆದವನಿಗೂ ರೋಗ ಬಂತು. ನಡುವೆ ನಿಂತ ದಲ್ಲಾಳಿಯೊಬ್ಬನೇ ದಪ್ಪಗಾದನು.

ಕಡೆಗೆ ಒಂದು ಸಾರ್ವಜನಿಕ ಸಂಸ್ಥೆಯವರು ಸುಪ್ರೀಂ ಕೋರ್ಟಿಗೆ ಹೋದರು. 1996ರ ಜನವರಿಯಲ್ಲಿ ತೀರ್ಪು ಬಂತು. ಅದರಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ತೆಗೆದುಕೊಳ್ಳುವುದು ದೇಶದಲ್ಲೆಲ್ಲ ನಿಂತಿತು. 2002ರಲ್ಲಿ ರಾಷ್ಟ್ರೀಯ ರಕ್ತ ನೀತಿ ಬಂತು. ಇಂದು ಆಸ್ಪತ್ರೆಯವರು ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ಅದನ್ನು ಪರೀಕ್ಷಿಸುವ, ಬೇರ್ಪಡಿಸುವ, ತಂಪಿನಲ್ಲಿ ಇಡುವ ಖರ್ಚನ್ನು ಮಾತ್ರ ಗೊತ್ತುಪಡಿಸಿದ ಮಿತಿಯೊಳಗೆ ವಸೂಲು ಮಾಡಬಹುದು. ಯಾರಾದರೂ ನಿಮ್ಮಿಂದ ರಕ್ತದ ಕ್ರಯವೆಂದು ಹಣ ಕೇಳಿದರೆ ರಸೀತಿ ಕೇಳಿರಿ, ಸಂಘಕ್ಕೆ ಬಂದು ತಿಳಿಸಿರಿ.

ಈಗ ಆ ಸೋದರರ ಪ್ರಶ್ನೆಗೆ ಬರೋಣ. ಬೆವರನ್ನು ನಾವು ಮಾರುತ್ತೇವೆ. ಮಾರಿದ ಬೆವರಿಗೆ ಸರಿಯಾದ ಬೆಲೆ ಬರಲಿಲ್ಲವೆಂಬುದೇ ನಮ್ಮ ಜಗಳ. ಆ ಜಗಳ ನಿನ್ನೆಯೂ ಇತ್ತು, ನಾಡಿದ್ದೂ ಇರುತ್ತದೆ. ರಕ್ತ ಕೊಟ್ಟ ಮಾತ್ರಕ್ಕೆ ಅದು ತೀರುವುದಿಲ್ಲ, ತೀರಲೂಬಾರದು. ಸರ್ಕಾರ ನಡೆಸಬೇಕಾದ ರಕ್ತನಿಧಿಯನ್ನು ಸರ್ಕಾರ ನಡೆಸಲಿ. ತಂಪು ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡಿಸಲಿ, ಸಿಬ್ಬಂದಿ ಸಾಲದಿದ್ದರೆ ನೇಮಿಸಲಿ. ಅದನ್ನು ಕೇಳುವ ಹಕ್ಕನ್ನು ನಾವು ಯಾರಿಗೂ ದಾನ ಕೊಟ್ಟಿಲ್ಲ. ಆದರೆ ಒಂದು ಕೆಲಸವನ್ನು ಮಾತ್ರ ಯಾವ ಸರ್ಕಾರವೂ ಮಾಡಲಾರದು. ಮನುಷ್ಯನ ರಕ್ತವನ್ನು ತಯಾರಿಸುವ ಕಾರ್ಖಾನೆಯನ್ನು ಯಾವ ದೇಶವೂ ಕಟ್ಟಿಲ್ಲ. ಅದು ತಯಾರಾಗುವುದು ನಿಮ್ಮ ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ. ಈ ಒಂದು ಕಾರ್ಖಾನೆಗೆ ಮಾಲೀಕರು ನಾವೇ.

ಹಾಗಾದರೆ ಈ ರಕ್ತ ಹೋಗುವುದು ಯಾರಿಗೆ? ಶ್ರೀಮಂತನಿಗೆ ಕಷ್ಟ ಬಂದರೆ ಅವನ ಹಿಂದೆ ಹತ್ತು ಕಾರು ಬರುತ್ತವೆ, ಹತ್ತೂರಿಗೆ ದೂರವಾಣಿ ಹೋಗುತ್ತದೆ. ಹೆರಿಗೆಯಲ್ಲಿ ರಕ್ತ ನಿಲ್ಲದ ತಾಯಿಯನ್ನು ದೂರದ ಹಳ್ಳಿಯಿಂದ ಕರೆತಂದ ಕೂಲಿಯವನ ಹಿಂದೆ ಯಾರಿದ್ದಾರೆ? "ನಿಮ್ಮ ಕಡೆಯವರನ್ನು ಕರೆತನ್ನಿ" ಎಂದು ಹೇಳಿದಾಗ ಅವನು ಯಾರನ್ನು ಕರೆಯಬೇಕು? ಹೆಂಡತಿ ಒಳಗೆ, ಅವನು ಹೊರಗೆ, ಊರೆಲ್ಲ ಅಪರಿಚಿತ. ಇಂತಹವನನ್ನೇ ದಲ್ಲಾಳಿ ಹುಡುಕುತ್ತಾನೆ. ಹೆರಿಗೆಯ ರಕ್ತಸ್ರಾವದಲ್ಲಿ ಗಂಟೆಗಳ ಲೆಕ್ಕವೂ ಇಲ್ಲ, ನಿಮಿಷಗಳ ಲೆಕ್ಕ. ಆದುದರಿಂದ ರಕ್ತವು ರೋಗಿಗಾಗಿ ಕಾದಿರಬೇಕೇ ಹೊರತು ರೋಗಿಯು ರಕ್ತಕ್ಕಾಗಿ ಕಾಯಬಾರದು. ಥಲಸ್ಸೀಮಿಯಾ ಎಂಬ ರೋಗದ ಮಕ್ಕಳಿದ್ದಾರೆ. ತೀವ್ರ ರೂಪದ ರೋಗವಿರುವವರಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಲೇಬೇಕು. ಅವರ ತಂದೆತಾಯಿ ಪ್ರತಿಸಲವೂ ಯಾವ ನೆಂಟರ ಬಾಗಿಲಿಗೆ ಹೋಗಬೇಕು? ಬಡವನಿಗೆ ನೆಂಟನಾಗುವವನು ಬಡವನೇ. "ನಾವೇ ಏಕೆ ಕೊಡಬೇಕು" ಎಂಬುದಕ್ಕೆ ನಮ್ಮ ಉತ್ತರ ಇಷ್ಟೇ: ನಾವು ಕೊಡದಿದ್ದಾಗ ಸಾಯುವವರೂ ನಮ್ಮವರೇ.

ಇನ್ನು ವ್ಯಾಪಾರಿ ಮಿತ್ರರ ಪ್ರಶ್ನೆ. ಸಿಗುವುದೇನು? ಮೊದಲು ನಷ್ಟದ ಲೆಕ್ಕ ನೋಡೋಣ, ಆಮೇಲೆ ಲಾಭದ್ದು.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ನಾಳೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ 350 ಮಿಲಿಲೀಟರ್. ಕೊಟ್ಟ ದ್ರವದ ಭಾಗವನ್ನು ಮೈಯು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ತುಂಬಲು ಕೆಲವು ವಾರಗಳು ಬೇಕು. ಅದಕ್ಕಾಗಿಯೇ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬೇಕೆಂದು ನಿಯಮವಿದೆ. ವಯಸ್ಸು 18 ತುಂಬಿರಬೇಕು, ತೂಕ 45 ಕಿಲೋಗ್ರಾಮಿಗೆ ಕಡಿಮೆಯಿರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಬೆರಳಿನ ತುದಿಯಿಂದ ಒಂದು ಹನಿ ತೆಗೆದು ಮೊದಲೇ ನೋಡುತ್ತಾರೆ. ಕಡಿಮೆಯಿದ್ದರೆ ನಿಮ್ಮನ್ನು ಹಿಂದಕ್ಕೆ ಕಳುಹಿಸುತ್ತಾರೆ. ಹಿಂದಕ್ಕೆ ಕಳುಹಿಸಿದರೆ ಅವಮಾನವೆಂದು ತಿಳಿಯಬೇಡಿರಿ. ನಿಮ್ಮ ಮೈಗೆ ರಕ್ತ ಸಾಲದೆಂಬ ಸಂಗತಿ ನಿಮಗೆ ಪುಕ್ಕಟೆಯಾಗಿ ಗೊತ್ತಾಯಿತು, ವೈದ್ಯರನ್ನು ಕಾಣಿರಿ. ರಾತ್ರಿ ಪಾಳಿ ಮುಗಿಸಿದವರು ನಿದ್ದೆಯಿಲ್ಲದೆ ನೇರವಾಗಿ ಬರಬೇಡಿರಿ. ಹಸಿದ ಹೊಟ್ಟೆಯಲ್ಲಿ ಯಾರೂ ಬರಬೇಡಿರಿ. ಕೊಟ್ಟ ದಿನ ನೀರು ಹೆಚ್ಚಾಗಿ ಕುಡಿಯಿರಿ, ಭಾರದ ಮೂಟೆ ಎತ್ತಬೇಡಿರಿ. ನಷ್ಟದ ಲೆಕ್ಕ ಇಷ್ಟು.

ಕೊಟ್ಟ ಆ ಒಂದು ಚೀಲವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡಬಹುದು. ಹೀಗೆ ಒಂದು ಚೀಲ ಮೂವರು ರೋಗಿಗಳವರೆಗೆ ಹಂಚಿಕೆಯಾಗುತ್ತದೆ. ಚೀಲದ ಮೇಲೆ ಏನು ಬರೆದಿರುತ್ತದೆ ಬಲ್ಲಿರಾ? ಗುಂಪು, ಸಂಖ್ಯೆ, ತೆಗೆದ ದಿನ, ಕೆಡುವ ದಿನ, ಪರೀಕ್ಷೆಯ ವಿವರ. ಜಾತಿಯನ್ನು ಬರೆಯುವ ಜಾಗ ಅದರಲ್ಲಿಲ್ಲ. ಕೊಟ್ಟವನು ಕೇರಿಯವನೋ ಅಗ್ರಹಾರದವನೋ, ನಮಾಜು ಮಾಡುವವನೋ ಜಂಗಮನೋ ಎಂದು ಚೀಲ ಹೇಳುವುದಿಲ್ಲ. 1901ರಲ್ಲಿ ವಿಯೆನ್ನಾ ನಗರದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯನು ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ತೋರಿಸಿದನು. ಅದಕ್ಕೆ ಮೊದಲು ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟಾಗ ಏಕೆ ಕೆಲವರು ಬದುಕುತ್ತಾರೆ, ಕೆಲವರು ಸಾಯುತ್ತಾರೆ ಎಂದು ಯಾರಿಗೂ ತಿಳಿದಿರಲಿಲ್ಲ. ನಮ್ಮ ಹಿರಿಯರು ಮಾಡಿಕೊಂಡ ಮೇಲುಕೀಳಿನ ಗುಂಪುಗಳಿಗೂ ಈ ಗುಂಪುಗಳಿಗೂ ಕಾಸಿನ ಸಂಬಂಧವಿಲ್ಲ. ಒಂದೇ ಬಚ್ಚಲಿನ ನೀರು ಬಳಸದ ಇಬ್ಬರ ರಕ್ತ ಒಂದೇ ಗುಂಪಿನದಾಗಿರಬಹುದು, ಒಂದೇ ತಾಯಿಯ ಮಕ್ಕಳದು ಬೇರೆಯಾಗಿರಬಹುದು.

ಲಾಭದ ಲೆಕ್ಕ ಹೇಳುವುದಕ್ಕೆ ನಾವು ಒಬ್ಬ ಗುಮಾಸ್ತನ ಕಥೆಯನ್ನು ಹೇಳಬೇಕು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 1936ರಲ್ಲಿ ಹುಟ್ಟಿದನು. 14ನೆಯ ವಯಸ್ಸಿನಲ್ಲಿ ಅವನಿಗೆ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಹೆಸರು ಗೊತ್ತಿಲ್ಲದ ಅನೇಕರ ರಕ್ತದಿಂದ ಬದುಕಿದನು. 18 ತುಂಬಿದಾಗ, ಅಂದರೆ 1954ರಲ್ಲಿ, ತಾನೂ ಕೊಡತೊಡಗಿದನು. ಅವನ ರಕ್ತದಲ್ಲಿ ಒಂದು ಅಪರೂಪದ ಅಂಶವಿರುವುದು ಆಮೇಲೆ ತಿಳಿಯಿತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿ ಹೊಟ್ಟೆಯ ಕೂಸಿನದು ಪಾಸಿಟಿವ್ ಆದರೆ, ತಾಯಿಯ ಮೈಯೇ ಕೂಸಿನ ರಕ್ತವನ್ನು ಹಗೆಯೆಂದು ತಿಳಿದು ಹೊಡೆಯುವ ಸಂಭವವುಂಟು. ಅದನ್ನು ತಡೆಯುವ ಚುಚ್ಚುಮದ್ದನ್ನು ಅವನ ಪ್ಲಾಸ್ಮಾದಿಂದ ತಯಾರಿಸಿದರು. ಪ್ಲಾಸ್ಮಾ ಮಾತ್ರ ಕೊಟ್ಟು ಕೆಂಪು ಕಣವನ್ನು ಮೈಗೆ ಹಿಂದಿರುಗಿಸಿಕೊಳ್ಳುವುದರಿಂದ ಎರಡು ವಾರಕ್ಕೊಮ್ಮೆ ಕೊಡಬಹುದಾಗಿತ್ತು. ಅವನು 2018ರಲ್ಲಿ, 81ನೆಯ ವಯಸ್ಸಿನಲ್ಲಿ, ವಯಸ್ಸಾಯಿತೆಂದು ನಿಲ್ಲಿಸುವವರೆಗೆ 1,173 ಸಲ ಕೊಟ್ಟನು. ಸುಮಾರು 24 ಲಕ್ಷ ಕೂಸುಗಳಿಗೆ ಅದು ನೆರವಾಯಿತೆಂದು ಆ ದೇಶದ ರೆಡ್ ಕ್ರಾಸಿನವರು ಲೆಕ್ಕ ಹೇಳಿದ್ದಾರೆ. 2025ರ ಫೆಬ್ರವರಿಯಲ್ಲಿ ಅವನು ತೀರಿಕೊಂಡನು. ಇಷ್ಟೆಲ್ಲ ಮಾಡಿದವನ ಉದ್ಯೋಗ ರೈಲ್ವೆಯಲ್ಲಿ ಗುಮಾಸ್ತಗಿರಿ. ಇನ್ನೊಂದು ಸಂಗತಿ ಕೇಳಿರಿ. ಅವನಿಗೆ ಸೂಜಿಯೆಂದರೆ ಹೆದರಿಕೆ. ಸೂಜಿ ಚುಚ್ಚುವಾಗ ಬೇರೆ ಕಡೆ ಮುಖ ತಿರುಗಿಸುತ್ತಿದ್ದನು. ಹೆದರಿಕೆ ಹೋದ ಮೇಲೆ ಕೊಡುತ್ತೇವೆ ಎನ್ನುವವರು ಇದನ್ನು ನೆನಪಿಡಬೇಕು.

ಅವನಿಗೆ ಸಿಕ್ಕಿದ್ದೇನು? ಹಣವಲ್ಲ. ಪದಕ ಬಂದಿತು, ಆದರೆ ಪದಕಕ್ಕಾಗಿ ಅರವತ್ತು ವರ್ಷ ತೋಳು ಚಾಚುವವರಿಲ್ಲ. ಅವನೊಬ್ಬ ಸಾಮಾನ್ಯ ನೌಕರ. ಕಚೇರಿಯ ಪುಸ್ತಕದಲ್ಲಿ ಅವನೊಂದು ಸಂಬಳದ ಸಾಲು, ಅಷ್ಟೇ. ಆ ಮಂಚದ ಮೇಲೆ ಮಲಗಿದಾಗ ಮಾತ್ರ ಅವನ ಬದುಕಿಗೆ ಇನ್ನೊಬ್ಬನು ಬರೆಯಲಾರದ ಒಂದು ಲೆಕ್ಕವಿತ್ತು. ಇದೇ ಸಿಗುವುದು.

ನಮ್ಮ ದಿನವನ್ನೇ ನೋಡಿಕೊಳ್ಳೋಣ. ಬೆಳಗಾದರೆ ಸೈರನ್ನು. ಎಂಟು ಗಂಟೆ ಮಾರಿದರೆ ಇಷ್ಟು, ಹತ್ತು ನಿಮಿಷ ತಡವಾದರೆ ಅಷ್ಟು ಕಡಿತ. ಅಂಗಡಿಕಾರ ಮಿತ್ರರಿಗೆ ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ, ಉದರಿ, ಬಡ್ಡಿ, ತೆರಿಗೆ. ನಮ್ಮ ಕೈಯಿಂದ ಹೋಗುವುದೆಲ್ಲ ಬೆಲೆ ಕಟ್ಟಿಸಿಕೊಂಡು ಹೋಗುತ್ತದೆ. ಕೈಗೆ ಬರುವುದೆಲ್ಲ ಯಾರೋ ಕೊಟ್ಟದ್ದೆಂಬಂತೆ ಬರುತ್ತದೆ. ಕೂಲಿ ಕೊಟ್ಟರು, ಬೋನಸ್ ಕೊಟ್ಟರು, ರೇಷನ್ ಕೊಟ್ಟರು. ನಮ್ಮದೇ ದುಡಿಮೆಯ ಫಲವನ್ನು ಪಡೆಯುವಾಗಲೂ ಕೈಯೊಡ್ಡುವವರು ನಾವೇ ಎಂಬಂತೆ ಮಾತನಾಡುತ್ತಾರೆ. ವರ್ಷಗಟ್ಟಲೆ ಇದನ್ನು ಕೇಳಿ ಕೇಳಿ, ತನ್ನಲ್ಲಿ ಇತರರಿಗೆ ಕೊಡುವಂತಹುದು ಏನೂ ಇಲ್ಲವೆಂದು ಮನುಷ್ಯನು ನಂಬಿಬಿಡುತ್ತಾನೆ. ಬಡತನದ ದೊಡ್ಡ ಪೆಟ್ಟು ಹೊಟ್ಟೆಗಿಂತ ಇಲ್ಲಿಗೇ ಬೀಳುತ್ತದೆ.

ರಕ್ತ ಕೊಡುವ ಹೊತ್ತಿನಲ್ಲಿ ಆ ನಂಬಿಕೆ ಸುಳ್ಳಾಗುತ್ತದೆ. ಕೋಟಿ ಇದ್ದವನು ಕೊಟ್ಟರೂ ಒಂದು ಚೀಲ, ಮಗ್ಗದ ಮುಂದೆ ನಿಂತವನು ಕೊಟ್ಟರೂ ಒಂದು ಚೀಲ. ಪಡೆದವನು ಕೃತಜ್ಞತೆ ಹೇಳಲು ನಮ್ಮ ಮನೆಗೆ ಬರುವುದಿಲ್ಲ, ನಾವೂ ಅವನ ಮುಂದೆ ಯಜಮಾನಿಕೆ ತೋರಿಸಲಾರೆವು. ಜಮೀನುದಾರ ಅನ್ನ ಹಾಕಿದರೆ ಉಂಡವನು ತಲೆ ಬಗ್ಗಿಸಿ ನಿಲ್ಲಬೇಕು. ಇಲ್ಲಿ ಯಾರ ತಲೆಯೂ ಬಗ್ಗುವುದಿಲ್ಲ. ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತು ಇದಕ್ಕೆ ಹೆಚ್ಚು ಒಪ್ಪುತ್ತದೆ. ದುಡಿದವನೇ ಹಂಚಬೇಕು, ಹಂಚುವಾಗ ನಾನು ಕೊಟ್ಟೆನೆಂಬುದು ಇರಬಾರದು ಎಂಬುದು ಕನ್ನಡ ನಾಡು ಹನ್ನೆರಡನೆಯ ಶತಮಾನದಲ್ಲಿಯೇ ಕಲಿತ ಪಾಠ.

ಇಂಗ್ಲೆಂಡಿನಲ್ಲಿ ರಿಚರ್ಡ್ ಟಿಟ್ಮಸ್ ಎಂಬ ವಿದ್ವಾಂಸನಿದ್ದನು. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆಯೇ ಲಂಡನ್ನಿನಲ್ಲಿ ಪ್ರಾಧ್ಯಾಪಕನಾದವನು. ಅವನು 1970ರಲ್ಲಿ ರಕ್ತದ ವಿಷಯವಾಗಿಯೇ ಒಂದು ಪುಸ್ತಕ ಬರೆದನು. ಜನರು ಸುಮ್ಮನೆ ಕೊಡುವ ಇಂಗ್ಲೆಂಡನ್ನೂ, ಹಣ ಕೊಟ್ಟೂ ಕೊಳ್ಳುತ್ತಿದ್ದ ಅಮೆರಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿದನು. ಕೊಂಡ ರಕ್ತದಲ್ಲಿ ಕಾಮಾಲೆಯ ರೋಗ ಹೆಚ್ಚು, ಪೋಲಾಗುವುದೂ ಹೆಚ್ಚು, ಖರ್ಚೂ ಹೆಚ್ಚು ಎಂದು ತೋರಿಸಿದನು. ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟರೆ ಅಗ್ಗವಾಗಿ ಒಳ್ಳೆಯದಾಗಿ ಸಿಗುತ್ತದೆಂದು ಹೇಳುವವರಿಗೆ ಇದೊಂದು ಉತ್ತರ. ಅವನು ಇನ್ನೊಂದು ಮಾತನ್ನೂ ಎತ್ತಿ ಹಿಡಿದನು. ಅಪರಿಚಿತನಿಗೆ ಕೊಡುವ ಅವಕಾಶವೇ ಮನುಷ್ಯನ ಒಂದು ಸ್ವಾತಂತ್ರ್ಯ, ಸಮಾಜವು ಆ ಅವಕಾಶವನ್ನು ಏರ್ಪಡಿಸಿಕೊಡಬೇಕು ಎಂಬುದು ಅವನ ವಾದ. ಕೊಡಬೇಕೆಂಬ ಆಸೆ ಎಲ್ಲರಲ್ಲಿಯೂ ಇದೆ. ಅದಕ್ಕೊಂದು ದಾರಿ ಬೇಕು. ದಾರಿ ಇಲ್ಲದೆ ಅದು ಒಣಗಿಹೋಗುತ್ತದೆ.

ಆ ದಾರಿಯನ್ನು ದೊಡ್ಡವರೇ ಮಾಡಬೇಕೆಂದಿಲ್ಲ. 1921ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಗೆ ತುರ್ತಾಗಿ ರಕ್ತ ಬೇಕಾಯಿತು. ಕ್ಯಾಂಬರ್‌ವೆಲ್ ಪುರಸಭೆಯಲ್ಲಿ ನೌಕರನಾಗಿದ್ದು, ಅಲ್ಲಿಯ ರೆಡ್ ಕ್ರಾಸ್ ಶಾಖೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಪರ್ಸಿ ಲೇನ್ ಆಲಿವರ್ ಕೆಲವು ಗೆಳೆಯರೊಡನೆ ಹೋದನು. ಅವರಲ್ಲಿ ಒಬ್ಬ ದಾದಿಯ ರಕ್ತ ಹೊಂದಿಕೊಂಡಿತು, ರೋಗಿಗೆ ಕೊಟ್ಟರು. ಅಷ್ಟಕ್ಕೆ ಮುಗಿಯಿತೆಂದು ಅವನು ಮನೆಗೆ ಹೋಗಿ ಮಲಗಲಿಲ್ಲ. ಮುಂದಿನ ಸಲ ಕರೆ ಬಂದರೆ ಯಾರು ಎಂದು ಯೋಚಿಸಿದನು. ಕೊಡಲು ಒಪ್ಪಿದವರ ಹೆಸರು, ವಿಳಾಸ, ರಕ್ತದ ಗುಂಪು ಬರೆದಿಟ್ಟನು. ಹೆಂಡತಿಯೊಡನೆ ಸೇರಿ ತನ್ನ ಮನೆಯಿಂದಲೇ ಆ ಕೆಲಸ ನಡೆಸಿದನು. ಕೊಡುವವರಿಗೆ ಹಣವಿಲ್ಲ, ಪಡೆಯುವವರಿಗೂ ಖರ್ಚಿಲ್ಲ. ಜಗತ್ತಿನ ಅನೇಕ ಕಡೆ ಇಂದು ನಡೆಯುತ್ತಿರುವ ಸ್ವಯಂಪ್ರೇರಿತ ರಕ್ತದಾನದ ಹಿಂದೆ ಒಬ್ಬ ನೌಕರನ ಹೆಸರಿನ ಪಟ್ಟಿಯಿದೆ.

ನಾವು ಕೇಳುವುದೂ ಅಂತಹ ಪಟ್ಟಿಯನ್ನೇ. ನಾಳೆಯ ಶಿಬಿರಕ್ಕೆ ಇನ್ನೂರು ಜನ ಬಂದು ಕೊಟ್ಟು, ಹಾರ ಹಾಕಿಸಿಕೊಂಡು, ಮತ್ತೆ ಮುಂದಿನ ವರ್ಷ ಸೇರಿದರೆ ಸಾಲದು. ತರಕಾರಿ ಹೂವು ಮಾರುವ ಮಿತ್ರರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು: ಕೆಡುವ ಮಾಲನ್ನು ಒಂದೇ ದಿನ ಗಾಡಿಗಟ್ಟಲೆ ತಂದು ಪ್ರಯೋಜನವಿಲ್ಲ. ಕೆಂಪು ಕಣ ತಂಪಿನಲ್ಲಿಟ್ಟರೂ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ ಮಾತ್ರ. ಜಯಂತಿ ಹಬ್ಬಗಳ ದಿನ ತುಂಬಿ ತುಳುಕುವ ಪೆಟ್ಟಿಗೆ ಬೇಸಿಗೆಯಲ್ಲಿ ಬರಿದಾಗುವುದು ಇದರಿಂದಲೇ.

ನಾವು ಮೇಷ್ಟರಾಗಿದ್ದವರು, ಒಂದು ಲೆಕ್ಕ ಕೊಡುತ್ತೇವೆ. 130 ಜನ ಗಂಡಸರು ಹೆಸರು ಕೊಡಲಿ. ವಾರಕ್ಕೆ 10 ಜನರ ತಂಡ. 13 ತಂಡಗಳಾದವು. ಮೊದಲನೆಯ ತಂಡದ ಸರದಿ ಮತ್ತೆ ಬರುವಾಗ 13 ವಾರ, ಅಂದರೆ 91 ದಿನ ಕಳೆದಿರುತ್ತದೆ. ನಿಯಮಕ್ಕೂ ಸರಿ, ಮೈಗೂ ಸರಿ. ತಾಯಂದಿರು ತಂಡ ಕಟ್ಟಿದರೆ ಅವರ ಸುತ್ತು 18 ವಾರದ್ದಾಗಲಿ. ಹೀಗೆ ನಡೆದರೆ ವರ್ಷದ 52 ವಾರವೂ ಆಸ್ಪತ್ರೆಯ ಪೆಟ್ಟಿಗೆಯಲ್ಲಿ ನಮ್ಮ ಕಡೆಯ ಹತ್ತು ಚೀಲ ಹೊಸದಾಗಿ ಸೇರುತ್ತದೆ, ವರ್ಷಕ್ಕೆ 520 ಚೀಲ. ಕಾಯಿಲೆಯಾಗಿಯೋ ಊರಿಗೆ ಹೋಗಿಯೋ ತಪ್ಪಿಸಿಕೊಳ್ಳುವವರಿಗಾಗಿ ಇನ್ನೂ ಮೂವತ್ತು ಹೆಸರು ಹೆಚ್ಚಿಗೆ ಇರಲಿ. ಗಿರಣಿಯಲ್ಲಿ ಪಾಳಿ ತಪ್ಪಿದರೆ ಮಗ್ಗ ನಿಲ್ಲುತ್ತದೆಂದು ನಮಗೆ ಗೊತ್ತು. ಯಂತ್ರಕ್ಕಾಗಿ ಪಾಳಿ ಕಟ್ಟಲು ಕಲಿತ ನಾವು ಮನುಷ್ಯನಿಗಾಗಿ ಒಂದು ಪಾಳಿ ಕಟ್ಟಲಾರೆವೇ?

ಸೋಲಾಪುರದ ಗಿರಣಿಗಳ ಊರಿನಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿದ್ದೀರಿ. 1938ರಲ್ಲಿ ನಮ್ಮ ದೇಶದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ, 32ನೆಯ ವಯಸ್ಸಿಗೆ, ಅಲ್ಲಿಯೇ ತೀರಿಕೊಂಡರು. ಅವರು ಮುಖ್ಯಸ್ಥರಾಗಿದ್ದ ಆಸ್ಪತ್ರೆಗೆ ನಾರ್ಮನ್ ಬೆಥೂನ್ ಎಂಬ ಕೆನಡಾದ ವೈದ್ಯನ ಹೆಸರನ್ನಿಟ್ಟಿದ್ದರು. 1936ರಲ್ಲಿ ಸ್ಪೇನಿನ ಜನರ ಯುದ್ಧದ ಕಾಲದಲ್ಲಿ ಮ್ಯಾಡ್ರಿಡ್ಡಿನ ಜನರಿಂದ ರಕ್ತ ಪಡೆದು ಗಾಡಿಯಲ್ಲಿ ರಣರಂಗಕ್ಕೇ ಒಯ್ದವನು ಆತ. ಅವರು ಬದುಕನ್ನೇ ಕೊಟ್ಟರು. ನಮ್ಮನ್ನು ಯಾರೂ ಅಷ್ಟು ಕೇಳುತ್ತಿಲ್ಲ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ, 350 ಮಿಲಿಲೀಟರ್, ಅದೂ ಮೈ ತಾನೇ ತುಂಬಿಕೊಳ್ಳುವಂತಹುದು.

ಮನೆಯಲ್ಲಿ ಬೈಯುತ್ತಾರೆ ಎನ್ನುವವರು ಮನೆಯವರನ್ನೂ ಕರೆತನ್ನಿರಿ, ವೈದ್ಯರೇ ಎದುರಿಗೆ ಕೂರಿಸಿಕೊಂಡು ಹೇಳುತ್ತಾರೆ. ಕೊಡಲಾಗದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯದ ತೊಂದರೆಯವರು, ಬಾಣಂತಿಯರು ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿರಿ. ಪಟ್ಟಿ ಬರೆಯುವವರು ಬೇಕು, ಸರದಿ ಬಂದವರ ಮನೆಗೆ ಹೋಗಿ ನೆನಪಿಸುವವರು ಬೇಕು, ಬಂದವರಿಗೆ ನೀರು ಬಾಳೆಹಣ್ಣು ಕೊಡುವವರು ಬೇಕು. ಆಲಿವರನ ಹೆಂಡತಿ ಮಾಡಿದ ಕೆಲಸವೂ ಕೆಲಸವೇ.

ಪಟ್ಟಿಯ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಮೂರು ಕಲಂ ಹಾಕಿದ್ದೇವೆ: ಹೆಸರು, ಗುಂಪು, ವಾರ. ಗುಂಪು ಗೊತ್ತಿಲ್ಲದವರು ಆ ಮನೆಯನ್ನು ಖಾಲಿ ಬಿಡಿರಿ, ನಾಳೆ ನೋಡಿ ತುಂಬುತ್ತಾರೆ. ವಾರದ ಮನೆಯನ್ನು ಮಾತ್ರ ಯಾರೂ ಖಾಲಿ ಬಿಡಬೇಡಿರಿ.